ಮೂರನೆಯ ದೃಶ್ಯದ ಸಾಕ್ಷಿ

ಚಿಂತಾಮಣಿ
9 ಜುಲೈ 2023

ಮಾನ್ಯ ಆವಲಪ್ಪ ಮೇಷ್ಟ್ರಿಗೆ ನಮಸ್ಕಾರಗಳು.

ನನ್ನ ನೆನಪು ನಿಮಗಿರಲಾರದು. ಕಳೆದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ನೀವು ನಡೆಸಿದ ಮೂರು ದಿನದ ನಾಟಕ ರಚನೆಯ ಶಿಬಿರದಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಗಂಟಲಿನ ಆಪರೇಷನ್ ಆದಮೇಲೆ ಮಾತು ಹೋಗಿದೆ, ಇನ್ನು ಎಲ್ಲವನ್ನೂ ಬರೆದೇ ಹೇಳುತ್ತೇನೆ ಎಂದು ಮೊದಲ ದಿನವೇ ಬೋರ್ಡಿನ ಮೇಲೆ ಬರೆದಿರಿ. ಕೊನೆಯ ದಿನ ನಿಮ್ಮ ಗೌರಿಬಿದನೂರಿನ ವಿಳಾಸ ಬರೆದು, ಫೋನಿನಲ್ಲಿ ಓದುವ ಅಭ್ಯಾಸ ನನಗಿಲ್ಲ, ನಾಟಕ ಬರೆದವರು ಅಂಚೆಯಲ್ಲಿ ಕಳಿಸಿ, ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡುತ್ತೇನೆ ಎಂದಿರಿ. ಆ ಧೈರ್ಯದ ಮೇಲೆ ಇದನ್ನು ಕಳಿಸುತ್ತಿದ್ದೇನೆ.

ಇದು ನಡೆದ ಸಂಗತಿ. ನಮ್ಮೂರು ಸಾದಲಿ ಹೋಬಳಿಯಲ್ಲಿದೆ. 2003ರಲ್ಲಿ, ನನಗೆ ಒಂಬತ್ತು ವರ್ಷ. ಊರಿನ ಟೀ ಅಂಗಡಿಯಲ್ಲಿ ನಮ್ಮ ಕೇರಿಯವರಿಗೆ ಹೊರಗಿನ ಗೂಡಿನಲ್ಲಿ ಬೇರೆ ಲೋಟ ಇಡುತ್ತಿದ್ದರು. ನಲ್ಲಪ್ಪ ಎಂಬ ನಮ್ಮವರು ಒಂದು ಬೆಳಿಗ್ಗೆ ಒಳಗಿನ ಲೋಟದಲ್ಲಿ ಟೀ ಕುಡಿದರು. ಊರಿನ ಜಮೀನುದಾರ ಮೋಹನ್‌ಬಾಬು ಎತ್ತಿನ ಗಾಡಿಯ ಗೂಟ ಕಿತ್ತು ಹೊಡೆದ. ಸೊಂಟ ಮುರಿಯಿತು. ಕೇಸಾಯಿತು. ಅಂಗಡಿಯವನನ್ನು ಬಿಟ್ಟರೆ ಅಲ್ಲಿದ್ದವರು ಒಬ್ಬರೇ. ಅವರು ಕೋಲಾರದ ಕೋರ್ಟಿನಲ್ಲಿ ನಿಂತು, ತಾನೇನೂ ನೋಡಲಿಲ್ಲ ಎಂದರು. ಕೇಸು ಬಿದ್ದುಹೋಯಿತು. ನಲ್ಲಪ್ಪ ಮತ್ತೆ ನೆಟ್ಟಗೆ ನಡೆಯಲಿಲ್ಲ. ಮೂರು ವರ್ಷಕ್ಕೆ ತೀರಿಕೊಂಡರು.

ಆ ಸಾಕ್ಷಿ ನನ್ನ ಅಪ್ಪ, ಬಯ್ಯಪ್ಪ.

ಮೂರು ದೃಶ್ಯ ಬರೆದಿದ್ದೇನೆ: ಟೀ ಅಂಗಡಿ, ಆಸ್ಪತ್ರೆ, ಕೋರ್ಟು. ಕೊನೆಯಲ್ಲಿ ನಲ್ಲಪ್ಪ ಒಂದು ದೀರ್ಘ ಮಾತು ಆಡುತ್ತಾರೆ. ಅದನ್ನು ಬರೆಯುವಾಗ ಅತ್ತಿದ್ದೇನೆ. ತಪ್ಪಿದ್ದರೆ ತಿದ್ದಿ.

ನಿಮ್ಮ ವಿದ್ಯಾರ್ಥಿನಿ,
ತನುಜ

ಗೌರಿಬಿದನೂರು
30 ಜುಲೈ 2023

ತನುಜ ಅವರಿಗೆ,

ನಾಟಕ ತಲುಪಿತು. ಎರಡು ಸಲ ಓದಿದೆ. ಉತ್ತರ ತಡವಾಯಿತು, ಕ್ಷಮಿಸಿ.

ಬರೆಯುವ ಕೈ ನಿಮಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕೊನೆಯಲ್ಲಿ ನಲ್ಲಪ್ಪ ಮೂರು ಪುಟ ಒಬ್ಬರೇ ಮಾತಾಡುತ್ತಾರೆ. ಅಷ್ಟು ಹೊತ್ತು ಉಳಿದ ನಟರು ಕೈ ಎಲ್ಲಿಟ್ಟುಕೊಳ್ಳಬೇಕು? ಬರೆಯುವಾಗ ಅತ್ತಿದ್ದೇನೆ ಎಂದಿದ್ದೀರಿ. ನೀವು ಅತ್ತುಬಿಟ್ಟರೆ ನೋಡುವವರಿಗೆ ಉಳಿಯುವುದು ಏನು? ಆ ಮಾತನ್ನು ಅರ್ಧ ಪುಟಕ್ಕೆ ಇಳಿಸಿ, ಆಮೇಲೆ ಅದು ಬೇಕೇ ಎಂದು ಯೋಚಿಸಿ. ರಂಗದ ಮೇಲೆ ಜನ ಮನಸ್ಸಿನಲ್ಲಿರುವುದನ್ನು ಹೇಳುವುದಿಲ್ಲ. ತಮಗೆ ಬೇಕಾದದ್ದನ್ನು ಪಡೆಯಲು ಏನು ಹೇಳಬೇಕೋ ಅದನ್ನು ಹೇಳುತ್ತಾರೆ. ಮನೆಯಲ್ಲೂ ಹಾಗೆಯೇ.

ಇನ್ನೊಂದು ಸಲಹೆ. ಈ ವಸ್ತು ನಿಮಗೆ ತೀರ ಹತ್ತಿರದ್ದು. ಮೊದಲ ನಾಟಕಕ್ಕೆ ಇಷ್ಟು ಹತ್ತಿರದ್ದು ಬೇಡವೇನೋ. ನಿಮ್ಮ ಶಾಲೆಯ ಬಗ್ಗೆ, ಸ್ಟಾಫ್ ರೂಮಿನ ಬಗ್ಗೆ ಬರೆಯಬಹುದು. ಕೈ ಪಳಗಿದ ಮೇಲೆ ಇದಕ್ಕೆ ಮರಳಿ ಬನ್ನಿ.

ಶುಭಾಶಯಗಳೊಂದಿಗೆ,
ಆವಲಪ್ಪ

ಚಿಂತಾಮಣಿ
13 ಆಗಸ್ಟ್ 2023

ಪ್ರೀತಿಯ ಮೇಷ್ಟ್ರೇ,

ಮೂರು ಪುಟವನ್ನು ಅರ್ಧಕ್ಕೆ ಇಳಿಸಿದೆ. ಎರಡು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಮೂರನೆಯ ದಿನ ಗಟ್ಟಿಯಾಗಿ ಓದಿಕೊಂಡಾಗ ಆ ಅರ್ಧ ಪುಟವೂ ಜಾಸ್ತಿಯೆನಿಸಿತು. ಈಗ ನಾಲ್ಕು ಸಾಲಿದೆ.

ಆದರೆ ಸ್ಟಾಫ್ ರೂಮಿನ ನಾಟಕ ನನ್ನಿಂದಾಗದು. ಯಾಕೆಂದು ಹೇಳುತ್ತೇನೆ.

ಕೋರ್ಟಿನ ಮರುವಾರದಿಂದ ಕೇರಿಯಲ್ಲಿ ನಮ್ಮ ಜೊತೆ ಮಾತು ನಿಂತಿತು. ಯಾರೂ ಬೈಯಲಿಲ್ಲ. ಮದುವೆಗಳಿಗೆ ಕರೆಯುತ್ತಿದ್ದರು, ಹೋದರೆ ನಮ್ಮ ಪಕ್ಕದ ಎಲೆಗೆ ಯಾರೂ ಕೂರುತ್ತಿರಲಿಲ್ಲ. ನಲ್ಲಪ್ಪನವರ ಹೆಂಡತಿ ಓಬಳಮ್ಮ ಬೋರ್‌ವೆಲ್ ಹತ್ತಿರ ಅಮ್ಮನನ್ನು ಕಂಡರೆ ಬಿಂದಿಗೆ ಅರ್ಧ ತುಂಬಿದ್ದರೂ ಎತ್ತಿಕೊಂಡು ಹೊರಡುತ್ತಿದ್ದರು. ಅದೇ ವರ್ಷ ನನಗೆ ಸರ್ಕಾರಿ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತು, ಅದರಿಂದ ನಾನು ತಪ್ಪಿಸಿಕೊಂಡೆ. ತಮ್ಮ ಸಿದ್ಧಾರ್ಥ್ ಚಿಕ್ಕವನು, ಎಲ್ಲವನ್ನೂ ಉಂಡ. ಮುಂದೆ ಅಪ್ಪ ಊರು ಬಿಟ್ಟು ಶಿಡ್ಲಘಟ್ಟಕ್ಕೆ ಬಂದು ರೇಷ್ಮೆ ಬಿಚ್ಚುವ ಕೆಲಸಕ್ಕೆ ಸೇರಿದರು. ಇಷ್ಟು ವರ್ಷ ಬಿಸಿನೀರಿನಲ್ಲಿ ಕೈಯಿಟ್ಟು ಬೆರಳ ತುದಿಗಳು ಬೆಳ್ಳಗಾಗಿವೆ. ಆ ಕೇಸಿನ ಬಗ್ಗೆ ಮನೆಯಲ್ಲಿ ಒಂದು ದಿನವೂ ಮಾತು ಬಂದಿಲ್ಲ.

ನನಗೆ ಬೇರೆ ನಾಟಕ ಗೊತ್ತಿಲ್ಲ ಮೇಷ್ಟ್ರೇ. ಹೊಸ ಪ್ರತಿ ಕಳಿಸುತ್ತಿದ್ದೇನೆ.

ನಿಮ್ಮ ವಿದ್ಯಾರ್ಥಿನಿ,
ತನುಜ

ಗೌರಿಬಿದನೂರು
3 ಸೆಪ್ಟೆಂಬರ್ 2023

ತನುಜ,

ಸರಿ. ಇದನ್ನೇ ಬರೆಯಿರಿ. ಮತ್ತೆ ಬೇಡವೆನ್ನುವುದಿಲ್ಲ.

ನಿಮ್ಮ ಕೋರ್ಟಿನ ದೃಶ್ಯ ಇನ್ನೂ ನಿಂತಿಲ್ಲ. ಸಾಕ್ಷಿ ಕಟಕಟೆಗೆ ಬರುತ್ತಾನೆ, ನಡುಗುತ್ತಾನೆ, ನೋಡಲಿಲ್ಲ ಎನ್ನುತ್ತಾನೆ, ತಲೆ ತಗ್ಗಿಸಿ ಹೋಗುತ್ತಾನೆ. ಅವನು ಹೇಡಿ ಎಂದು ನೀವು ಮೊದಲೇ ತೀರ್ಮಾನಿಸಿಬಿಟ್ಟಿದ್ದೀರಿ. ಬರೆಯುವವರೇ ತೀರ್ಪು ಕೊಟ್ಟ ಮೇಲೆ ನೋಡುವವರು ಟಿಕೆಟ್ ತೆಗೆದುಕೊಂಡು ಬರುವುದೇಕೆ?

ಹೇಡಿತನ ಒಂದು ಹೆಸರು, ಕಾರಣವಲ್ಲ. ಒಬ್ಬ ಮನುಷ್ಯ ತನ್ನ ಗೆಳೆಯ ಏಟು ತಿಂದದ್ದನ್ನು ಕಣ್ಣಾರೆ ಕಂಡಿದ್ದಾನೆ. ಪೊಲೀಸರಿಗೆ ಹೇಳಿಕೆಯನ್ನೂ ಕೊಟ್ಟಿದ್ದಾನೆ. ಕೋರ್ಟಿಗೆ ಹೋಗುವ ಹೊತ್ತಿಗೆ ಬೇರೆ ಮಾತಾಡುತ್ತಾನೆ. ಈ ಎರಡರ ನಡುವೆ ಏನೋ ಆಗಿದೆ. ಅದು ನಿಮ್ಮ ಹಸ್ತಪ್ರತಿಯಲ್ಲಿಲ್ಲ. ಇಲ್ಲದ ಆ ದೃಶ್ಯವೇ ನಿಮ್ಮ ನಾಟಕ.

ನೀವು ಯಾರ ಮೇಲೆ ಹೆಚ್ಚು ಸಿಟ್ಟಾಗಿದ್ದೀರೋ ಅವರಿಗೆ ನಿಮ್ಮ ಅತ್ಯುತ್ತಮ ಮಾತನ್ನು ಕೊಡಬೇಕು. ಅದಕ್ಕೆ ಅವರ ಮಾತನ್ನು ಒಮ್ಮೆಯಾದರೂ ಕೇಳಿರಬೇಕು. ನಿಮ್ಮ ತಂದೆಯವರನ್ನು ಕೇಳಿದ್ದೀರಾ?

ಕೇಳಿ.

ಆವಲಪ್ಪ

ಶಿಡ್ಲಘಟ್ಟ
15 ಅಕ್ಟೋಬರ್ 2023

ಪ್ರೀತಿಯ ಮೇಷ್ಟ್ರೇ,

ಇದನ್ನು ಅಪ್ಪನ ಮನೆಯಿಂದ ಬರೆಯುತ್ತಿದ್ದೇನೆ. ಕೇಳಿದೆ. ಒಂದೇ ಸಲಕ್ಕೆ ಆಗಲಿಲ್ಲ. ನಾಲ್ಕು ಭಾನುವಾರ ಬಂದೆ. ಮೊದಲ ಮೂರು ಸಲ ಅಪ್ಪ ಎದ್ದು ಹೋದರು.

ಈ ಸಲ ನಾನು ನಾಟಕ ಬರೆಯುತ್ತಿರುವುದನ್ನೂ, ಯಾರ ಹತ್ತಿರ ಕಲಿಯುತ್ತಿದ್ದೇನೆ ಎಂಬುದನ್ನೂ ಹೇಳಿದೆ. ಗೌರಿಬಿದನೂರಿನ ಆವಲಪ್ಪ ಮೇಷ್ಟ್ರು ಎಂದೆ. ಅಪ್ಪ, "ಒಳ್ಳೆ ಮೇಷ್ಟ್ರು. ಕಲ್ಕೋ" ಎಂದರು. ನಿಮ್ಮ ಹೆಸರು ಶಿಡ್ಲಘಟ್ಟದವರೆಗೂ ಬಂದಿದೆ ಎಂದು ಖುಷಿಯಾಯಿತು.

ಆಮೇಲೆ ತಾವಾಗಿಯೇ ಶುರು ಮಾಡಿದರು. ಅವರು ಆಡಿದಂತೆಯೇ ಬರೆಯುತ್ತೇನೆ.

"ಕೋರ್ಟಿಗೆ ಇನ್ನ ನಾಲ್ಕು ದಿನ ಇತ್ತಮ್ಮ. ಬೆಳಿಗ್ಗೆ ಒಬ್ರು ಸ್ಕೂಟರಲ್ಲಿ ಬಂದ್ರು. ಬಿಳೀ ಬಟ್ಟೆ. ಮೋಹನ್‌ಬಾಬು ಕಡೆಯೋರು ಅಂತ ಗೊತ್ತಿತ್ತು. ಬೈತಾರೆ, ಹೆದರಿಸ್ತಾರೆ ಅನ್ಕೊಂಡೆ. ನಾನೂ ರೆಡಿಯಾಗೇ ಇದ್ದೆ, ಬಗ್ಗಬಾರ್ದು ಅಂತ."

"ಹೆದರಿಸಿದ್ರಾ?"

"ಇಲ್ಲ. ಜಗಲಿ ಮೇಲೆ ಕೂತ್ಕೊಂಡ್ರು. ನೀರು ಕೊಡಪ್ಪ ಅಂದ್ರು."

ಅಪ್ಪ ಬೆರಳ ತುದಿಗಳನ್ನು ಉಜ್ಜಿಕೊಂಡರು.

"ನೀರು ಕುಡಿದ್ರಮ್ಮ. ನಮ್ಮ ಲೋಟದಾಗೆ. ಕಚ್ಚಿ ಕುಡಿದ್ರು. ನಮ್ಮ ಮನೇಲಿ ಅಂಥೋರು ಯಾರೂ ಕುಡಿದಿರ್ಲಿಲ್ಲ, ನಮ್ಮಪ್ಪನ ಕಾಲದಿಂದ್ಲೂ. ನಲ್ಲಪ್ಪ ಒಂದು ಲೋಟಕ್ಕೆ ಸೊಂಟ ಮುರಿಸ್ಕೊಂಡು ಬಿದ್ದವ್ನೆ, ಇಲ್ಲಿ ಇವ್ರು ನಮ್ಮ ಲೋಟ ಎತ್ತಿ ಕುಡೀತಾವ್ರೆ. ನಂಗೆ ಏನೂ ತೋಚಲಿಲ್ಲ. ಇವ್ರು ಸುಳ್ಳು ಹೇಳಲ್ಲ ಅನ್ನಿಸ್ತು. ಆಮೇಲೆ ನಿನ್ನ ಬಗ್ಗೆ ಕೇಳಿದ್ರು. ಎಷ್ಟನೇ ಕ್ಲಾಸು ಅಂತ. ಜೇಬಿಂದ ವಸತಿ ಶಾಲೆ ಅರ್ಜಿ ತೆಗ್ದು ಅವ್ರೇ ತುಂಬಿದ್ರು. ಕೇಸಿನ ಮಾತು ಕೊನೆಗೆ ಒಂದೇ ಸಲ ಆಡಿದ್ದು. ಊರಲ್ಲಿ ಎಲ್ರೂ ಬಾಳಬೇಕಲ್ಲ ಬಯ್ಯಪ್ಪ ಅಂದ್ರು. ಅಷ್ಟೇ."

ಯಾರು ಅವರು ಎಂದು ಕೇಳಿದೆ. ಹೆಸರು ಹೇಳಲಿಲ್ಲ. "ಅವ್ರೂ ಈಗ ವಯಸ್ಸಾಗಿರ್ತಾರೆ, ಬಿಡು" ಎಂದರು.

ಮೇಷ್ಟ್ರೇ, ನನ್ನ ಓದು, ನನ್ನ ಕೆಲಸ, ಈ ಕಾಗದ ಬರೆಯುತ್ತಿರುವ ಕೈ, ಎಲ್ಲವೂ ಆ ಅರ್ಜಿಯಿಂದ ಬಂದದ್ದು. ಎರಡು ದಿನ ಶಾಲೆಗೆ ರಜೆ ಹಾಕಿದ್ದೇನೆ.

ಆದರೂ ದೃಶ್ಯ ಬರೆಯಬೇಕು. ಅಪ್ಪನನ್ನು ಈಗ ಬರೆಯಬಲ್ಲೆ. ಆ ಸ್ಕೂಟರಿನ ಮನುಷ್ಯನನ್ನು ಬರೆಯಲಾಗುತ್ತಿಲ್ಲ. ಯಾವ ಪಾತ್ರಕ್ಕೂ ಏನೋ ಒಂದು ಬೇಕಾಗಿರುತ್ತದೆ ಎಂದು ನೀವು ಹೇಳಿಕೊಟ್ಟಿರಿ. ಅವನಿಗೆ ಏನು ಬೇಕಾಗಿತ್ತು? ಎಷ್ಟು ಯೋಚಿಸಿದರೂ ಸಿಟ್ಟು ಬರುತ್ತದೆಯೇ ಹೊರತು ಮಾತು ಬರುತ್ತಿಲ್ಲ. ಸಹಾಯ ಮಾಡಿ.

ನಿಮ್ಮ ವಿದ್ಯಾರ್ಥಿನಿ,
ತನುಜ

ಚಿಂತಾಮಣಿ
3 ಡಿಸೆಂಬರ್ 2023

ಪ್ರೀತಿಯ ಮೇಷ್ಟ್ರೇ,

ನನ್ನ ಕಾಗದ ತಲುಪಲಿಲ್ಲವೋ, ನಿಮ್ಮ ಆರೋಗ್ಯ ಸರಿಯಿಲ್ಲವೋ ತಿಳಿಯದು. ದೀಪಾವಳಿಗೆ ಮುಂಚೆ ಇನ್ನೊಂದು ಕಾರ್ಡು ಹಾಕಿದ್ದೆ. ಆಸ್ಪತ್ರೆಗೆ ಹೋಗಿಬರಲು ಯಾರಾದರೂ ಜೊತೆಗೆ ಬೇಕಿದ್ದರೆ ಸಂಕೋಚವಿಲ್ಲದೆ ಬರೆಯಿರಿ. ಚಿಂತಾಮಣಿಯಿಂದ ಗೌರಿಬಿದನೂರಿಗೆ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿದರೆ ಆಯಿತು. ಬರುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ತನುಜ

ಗೌರಿಬಿದನೂರು
14 ಜನವರಿ 2024

ತನುಜ,

ಆರೋಗ್ಯ ಸರಿಯಾಗಿದೆ. ನಿಮ್ಮ ಕಾಗದಗಳೆಲ್ಲ ತಲುಪಿವೆ.

ಸ್ಕೂಟರಿನ ಮನುಷ್ಯನಿಗೆ ಏನು ಬೇಕಾಗಿತ್ತು ಎಂದು ಕೇಳಿದ್ದಿರಿ. ನನಗೆ ಗೊತ್ತು. ಆ ಮನುಷ್ಯ ನಾನೇ.

ಮೋಹನ್‌ಬಾಬು ನನ್ನ ಹೆಂಡತಿ ವರಲಕ್ಷ್ಮಮ್ಮನ ತಮ್ಮ. ನಿಮ್ಮ ಮೊದಲ ಕಾಗದದ ಎರಡನೆಯ ಪ್ಯಾರಾ ಓದುವಾಗಲೇ ತಿಳಿಯಿತು. ಅದಕ್ಕೇ ಬೇರೆ ವಸ್ತು ಹಿಡಿಯಿರಿ ಎಂದು ಬರೆದದ್ದು. ನೀವು ಕೇಳಲಿಲ್ಲ. ಆಮೇಲೆ ನಿಮ್ಮ ನಾಟಕದಲ್ಲಿ ಕೊರತೆ ಏನೆಂದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕಂಡೂ ಹೇಳದಿರಲು ಮೂವತ್ತೆಂಟು ವರ್ಷ ಮೇಷ್ಟ್ರಾಗಿದ್ದವನಿಗೆ ಆಗಲಿಲ್ಲ. ತಂದೆಯನ್ನು ಕೇಳಿ ಎಂದು ಬರೆದ ದಿನ, ಆ ಪ್ರಶ್ನೆ ತಿರುಗಿ ನನ್ನ ಬಾಗಿಲಿಗೇ ಬರುತ್ತದೆಂದು ಗೊತ್ತಿತ್ತು. ಬಂದಾಗ ಮೂರು ತಿಂಗಳು ಬಾಗಿಲು ತೆಗೆಯಲಿಲ್ಲ.

ಈಗ ನಿಮ್ಮ ದೃಶ್ಯಕ್ಕೆ ಬೇಕಾದದ್ದು.

ಆ ಮನುಷ್ಯನಿಗೆ ಬೇಕಾಗಿದ್ದದ್ದು ಮೋಹನ್‌ಬಾಬುವಿನ ಬಿಡುಗಡೆಯಲ್ಲ. ಮೋಹನ್‌ಬಾಬು ಜೈಲಿಗೆ ಹೋಗಿದ್ದರೆ ಅವನಿಗೆ ಒಳಗೊಳಗೆ ಬೇಸರವೇನೂ ಆಗುತ್ತಿರಲಿಲ್ಲ. ಹೆಂಡತಿಯ ಮನೆಯವರ ಕಣ್ಣಿನಲ್ಲಿ ಅವನು ಹುಡುಗರಿಗೆ ಬಣ್ಣ ಹಚ್ಚಿ ಕುಣಿಸುವ ಮೇಷ್ಟ್ರು, ಒಂದು ಕೆಲಸಕ್ಕೂ ಬಾರದವನು. ಅಂಥವನನ್ನು ಅತ್ತೆ ಮೊದಲ ಸಲ ಒಳಕೋಣೆಗೆ ಕರೆದು, "ನಿಮ್ಮಿಂದ ಆಗುತ್ತೆ, ನೀವು ಮಾತು ಬಲ್ಲೋರು" ಎಂದರು. ಅದು ಸಾಕಾಯಿತು. ನಾಚಿಕೆಯ ಸಂಗತಿ, ಆದರೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಡಿ. ಇರಲಿಲ್ಲ.

ದಾರಿಯುದ್ದಕ್ಕೂ ಯೋಚಿಸಿದೆ, ಏನು ಹೇಳಿದರೆ ಬಯ್ಯಪ್ಪ ಒಪ್ಪುತ್ತಾನೆ ಎಂದು. ಆ ವರ್ಷವೇ ಮಕ್ಕಳಿಂದ ಸಮಾನತೆಯ ಮೇಲೆ ಒಂದು ನಾಟಕ ಆಡಿಸಿ ಬಹುಮಾನ ತಂದಿದ್ದೆ. ಜಾತಿ ಮೀರಿದವನು ಎಂದು ನನಗೆ ನನ್ನ ಬಗ್ಗೆ ನಂಬಿಕೆಯಿತ್ತು. ಜಗಲಿಯ ಮೇಲೆ ಕೂತು ನೀರು ಕೇಳಿದೆ. ನನಗೆ ಬಾಯಾರಿಕೆ ಇರಲಿಲ್ಲ. ಲೋಟ ಎತ್ತಿದಾಗ ನಿಮ್ಮ ತಂದೆಯ ಮುಖ ನೋಡಿದೆ. ಕೆಲಸ ಆಯಿತೆಂದು ಅಲ್ಲೇ ಗೊತ್ತಾಯಿತು.

ನೀರು ತಂದುಕೊಟ್ಟದ್ದು ನೀವು. ಹಸಿರು ಲಂಗ ಹಾಕಿಕೊಂಡಿದ್ದಿರಿ. ನಿಮಗೆ ನೆನಪಿದೆಯೋ ಇಲ್ಲವೋ.

ಒಂದು ಎಚ್ಚರಿಕೆ. ನನ್ನ ಗಂಟಲು ಹೋದದ್ದನ್ನು ಆ ದಿನದ ಶಿಕ್ಷೆ ಎಂದು ಬರೆಯಬೇಡಿ, ನಾಟಕ ಕೆಡುತ್ತದೆ. ಅದು ಸಿಗರೇಟಿನಿಂದ ಹೋದದ್ದು. ಗೂಟ ಕಿತ್ತು ಹೊಡೆದವನ ಗಂಟಲು ಚೆನ್ನಾಗಿಯೇ ಇದೆ. ಈಗಲೂ ಮದುವೆ ಮನೆಗಳಲ್ಲಿ ಅವನ ಮಾತು ಬೀದಿಗೆ ಕೇಳುತ್ತದೆ.

ನನ್ನ ಹೆಸರು ಬೇಕಾದರೆ ಹಾಕಿ. ತಡೆಯುವುದಿಲ್ಲ. ಈ ಕಾಗದವನ್ನು ವರಲಕ್ಷ್ಮಿಗೆ ತೋರಿಸಿಯೇ ಅಂಚೆಗೆ ಹಾಕುತ್ತಿದ್ದೇನೆ.

ಆವಲಪ್ಪ

ಚಿಂತಾಮಣಿ
28 ಜನವರಿ 2024

ಆವಲಪ್ಪನವರಿಗೆ,

ನಿಮ್ಮ ಕಾಗದ ತಲುಪಿತು.

ನನ್ನ ಹಸ್ತಪ್ರತಿಯ ಎರಡು ಪ್ರತಿಗಳು ನಿಮ್ಮಲ್ಲಿವೆ. ದಯವಿಟ್ಟು ಹಿಂದಕ್ಕೆ ಕಳಿಸಿ.

ತನುಜ

ಚಿಂತಾಮಣಿ
9 ಜೂನ್ 2024

ಆವಲಪ್ಪನವರಿಗೆ,

ಪ್ರತಿಗಳು ಫೆಬ್ರವರಿಯಲ್ಲೇ ಬಂದವು. ಅಂಚಿನಲ್ಲಿ ನೀವು ಪೆನ್ಸಿಲಿನಲ್ಲಿ ಗುರುತು ಹಾಕಿದ್ದನ್ನೂ ಕಂಡೆ. ಬಹಳ ದಿನ ಅಳಿಸಬೇಕೆಂದುಕೊಂಡು ಅಳಿಸಲಿಲ್ಲ. ಗುರುತುಗಳು ಸರಿಯಾಗಿದ್ದವು. ಅದೇ ಕಷ್ಟ.

ಎರಡು ತಿಂಗಳು ಏನೂ ಬರೆಯಲಿಲ್ಲ. ಯುಗಾದಿಗೆ ಅಪ್ಪನ ಮನೆಗೆ ಹೋದಾಗ ಕೇಳಿದೆ.

"ಆ ಸ್ಕೂಟರಿನೋರು ಆವಲಪ್ಪ ಮೇಷ್ಟ್ರು ಅಂತ ನಿಂಗೆ ಗೊತ್ತಿತ್ತಾ ಅಪ್ಪ?"

"ಗೊತ್ತಿತ್ತು."

"ನಾನು ಅವ್ರ ಹತ್ರ ಕಲೀತಿದೀನಿ ಅಂದಾಗ?"

"ಅವಾಗ್ಲೂ ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಕಲೀತಿದ್ದೆ ಕಣಮ್ಮ. ಅರ್ಧಕ್ಕೆ ಯಾಕೆ ನಿಲ್ಲಿಸ್ಬೇಕು."

ಇಪ್ಪತ್ತು ವರ್ಷದ ಹಿಂದೆಯೂ ನನ್ನ ಓದಿಗಾಗಿ ಬಾಯಿ ಮುಚ್ಚಿಕೊಂಡರು. ಈಗಲೂ ಅದನ್ನೇ ಮಾಡಿದ್ದಾರೆ. ಆ ರಾತ್ರಿಯ ಬಸ್ಸಿಗೆ ಹೊರಡಬೇಕಾದವಳು ಹೊರಡಲಿಲ್ಲ. ಮರುದಿನ ಅಡುಗೆಮನೆಯ ನೆಲದ ಮೇಲೆ ಕೂತು ದೃಶ್ಯ ಬರೆದೆ. ಕೋರ್ಟು ನಾಲ್ಕನೆಯದಾಯಿತು. ಮೂರನೆಯದು ಜಗಲಿ.

ಸ್ಕೂಟರಿನ ಮೇಷ್ಟ್ರಿಗೆ ಒಳ್ಳೆಯ ಮಾತುಗಳನ್ನೇ ಕೊಟ್ಟಿದ್ದೇನೆ. ಅವನ ಒಂದು ಮಾತೂ ಕೆಟ್ಟದ್ದಲ್ಲ. ರಿಹರ್ಸಲಿನಲ್ಲಿ ಅದಕ್ಕೇ ಎಲ್ಲರಿಗೂ ಮೈ ಜುಮ್ಮೆನ್ನುತ್ತದೆ. ಹೆಸರು ಹಾಕಿಲ್ಲ. ನಿಮ್ಮ ಮೇಲಿನ ಕರುಣೆಯಿಂದಲ್ಲ. ಹೆಸರು ಹಾಕಿದರೆ ಜನ ನಿಮ್ಮೊಬ್ಬರನ್ನು ನೋಡಿ ಮನೆಗೆ ಹೋಗುತ್ತಾರೆ; ತಮ್ಮನ್ನು ನೋಡಿಕೊಳ್ಳುವುದಿಲ್ಲ.

ಅಪ್ಪನ ಪಾತ್ರ ಸಿದ್ಧಾರ್ಥ್ ಮಾಡುತ್ತಿದ್ದಾನೆ. ಕೊನೆಯ ದೃಶ್ಯದಲ್ಲಿ ಸಾಕ್ಷಿ ಖಾಲಿ ಕೋರ್ಟಿಗೆ ಮರಳಿ ಬಂದು, ಯಾರೂ ಕೇಳದಿದ್ದಾಗ ಕಂಡದ್ದನ್ನು ಹೇಳುತ್ತಾನೆ. ಜುಲೈ 21ರ ಭಾನುವಾರ ಸಂಜೆ ಐದಕ್ಕೆ ಚಿಕ್ಕಬಳ್ಳಾಪುರದಲ್ಲಿ, ಶಿಬಿರ ನಡೆದ ಅದೇ ಸಭಾಂಗಣದಲ್ಲಿ ಮೊದಲ ಪ್ರದರ್ಶನ. ಓಬಳಮ್ಮನವರನ್ನು ಕರೆಯಲು ಹೋಗಿದ್ದೆ. ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡರು. ಬರುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ನಿಮ್ಮನ್ನು ಕರೆಯುತ್ತಿಲ್ಲ. ತಿಳಿಸುತ್ತಿದ್ದೇನೆ.

ತನುಜ

ಗೌರಿಬಿದನೂರು
24 ಜುಲೈ 2024

ತನುಜ,

ಬಂದಿದ್ದೆ. ಹಿಂದಿನಿಂದ ಮೂರನೆಯ ಸಾಲು. ನೀವು ಕೊನೆಯವರೆಗೂ ಪರದೆಯ ಹಿಂದಿದ್ದಿರಿ. ಆಮೇಲೆ ನಡೆದದ್ದನ್ನು ಎಷ್ಟು ಕಂಡಿರೋ ತಿಳಿಯದು. ನಾನು ಕಂಡಷ್ಟನ್ನು ಬರೆದಿಡುತ್ತೇನೆ. ಇದು ನಿಮ್ಮಲ್ಲಿರಬೇಕು.

ನಾಟಕದ ಬಗ್ಗೆ ಒಂದೇ ಮಾತು. ಜಗಲಿಯ ದೃಶ್ಯದಲ್ಲಿ ನನ್ನ ಪಕ್ಕ ಕೂತಿದ್ದ ಅಪರಿಚಿತರೊಬ್ಬರು, "ಪಾಪ, ಒಳ್ಳೆ ಮನುಷ್ಯ" ಎಂದು ಹೆಂಡತಿಗೆ ಹೇಳಿದರು. ಕೋರ್ಟಿನ ದೃಶ್ಯ ಮುಗಿದಾಗ ಅದೇ ಮನುಷ್ಯ ತಲೆಯೆತ್ತಲಿಲ್ಲ. ನಿಮಗೆ ಕಲಿಸುವಂಥದ್ದು ನನ್ನಲ್ಲಿ ಇನ್ನೇನೂ ಇಲ್ಲ.

ದೀಪಗಳು ಹತ್ತಿದವು. ಯಾರೋ ಚಪ್ಪಾಳೆ ಶುರು ಮಾಡಿ ನಿಲ್ಲಿಸಿದರು. ಮುಂದಿನ ಸಾಲಿನಲ್ಲಿ ಓಬಳಮ್ಮ ಮೊಮ್ಮಗಳ ಭುಜ ಹಿಡಿದು ಎದ್ದು ನಿಂತಿದ್ದರು. ಗೋಡೆಯ ಪಕ್ಕ ಕೂತಿದ್ದ ನಿಮ್ಮ ತಂದೆಯ ಕಡೆ ತಿರುಗಿದರು.

"ಬಯ್ಯಾ, ನಾಟಕದಾಗೆ ನಿನ್ನ ಮಗ ಹೇಳ್ದ. ನೀನು ಹೇಳು."

ನಿಮ್ಮ ತಂದೆ ಎದ್ದರು.

"ನೋಡ್ದೆ ಅಕ್ಕಾ. ಮೋಹನ್‌ಬಾಬು ಹೊಡ್ದ. ಮೊದಲ್ನೇ ಏಟು ಬೆನ್ನಿಗೆ. ಎರಡ್ನೇದು ಸೊಂಟಕ್ಕೆ. ಬಿದ್ಮೇಲೆ ಇನ್ನೊಂದು. ನಾನು ನಾಲ್ಕು ಮಾರು ದೂರದಾಗೆ ನಿಂತಿದ್ದೆ."

"ಅವತ್ತು ಯಾಕೆ ಹೇಳ್ಲಿಲ್ಲ?"

"ಮಗಳು ಓದ್ಲಿ ಅಂತ."

"ನನ್ನ ಮಕ್ಳು ಓದ್ಲಿಲ್ಲ."

ನಿಮ್ಮ ತಂದೆ ಆ ಹೆಂಗಸಿನ ಮುಂದೆ ನಿಂತೇ ಇದ್ದರು. ಎಂಬತ್ತು ತೊಂಬತ್ತು ಜನ ನೋಡುತ್ತಿದ್ದರು.

ಆಮೇಲೆ ಓಬಳಮ್ಮ ಸಭೆಯ ಕಡೆ ನೋಡಿ ಕೇಳಿದರು: "ಆ ಮೇಷ್ಟ್ರು ಬಂದವ್ನಾ?"

ಆ ಮೇಷ್ಟ್ರು ನಾನೆಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ನಿಮ್ಮ ತಂದೆಗೆ ಗೊತ್ತಿತ್ತು, ಅವರು ನನ್ನ ಕಡೆ ತಿರುಗಲೂ ಇಲ್ಲ. ಕೂತೇ ಇರಬಹುದಾಗಿತ್ತು. ಎದ್ದು ನಿಂತೆ.

ಅವರು ನಿಧಾನವಾಗಿ ಹತ್ತಿರ ಬಂದರು. ಜೇಬಿನಿಂದ ಪುಸ್ತಕ, ಪೆನ್ನು ತೆಗೆದೆ. ಅವರಿಗೆ ಓದು ಬಾರದೆಂದು ಹೊಳೆದು ಒಳಗಿಟ್ಟೆ. ಕೈ ಮುಗಿಯಲೂ ಆಗಲಿಲ್ಲ. ಎಷ್ಟೋ ನಾಟಕಗಳಲ್ಲಿ ಎಷ್ಟೋ ಜನರಿಂದ ಕೈ ಮುಗಿಸಿದ್ದೇನೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಹಿಂದಿನ ಕುರ್ಚಿ ಹಿಡಿದು ಕೂರಲು ಹೋದೆ.

"ನಿಂತಿರು" ಎಂದರು.

ಮೊಮ್ಮಗಳ ಕೈ ಹಿಡಿದು ಬಾಗಿಲ ಕಡೆ ನಡೆದರು. ಅವರ ನಡಿಗೆ ಬಹಳ ನಿಧಾನ. ಅವರು ಮೆಟ್ಟಿಲಿಳಿದು, ಆಟೋ ಹತ್ತಿ, ಆಟೋ ಹೊರಡುವ ಶಬ್ದ ಕೇಳುವವರೆಗೂ ನಿಂತಿದ್ದೆ.

ವರಲಕ್ಷ್ಮಿ ತವರಿಗೆ ಹೋಗಿದ್ದಾಳೆ. ಜನವರಿಯಿಂದ ಒಂದೇ ಮನೆಯಲ್ಲಿ ಮಾತಿಲ್ಲದೆ ಇದ್ದೆವು. ಅಲ್ಲಿ ತಮ್ಮನಿಗೆ ಏನು ಹೇಳುತ್ತಾಳೋ, ನನಗೆ ತಿಳಿಯದು.

ಆವಲಪ್ಪ

ಚಿಂತಾಮಣಿ
18 ಆಗಸ್ಟ್ 2024

ಆವಲಪ್ಪನವರಿಗೆ,

ನಿಮ್ಮ ಕಾಗದ ಅಪ್ಪನಿಗೆ ಓದಿ ಹೇಳಿದೆ. ಕೇಳಿ ಮುಗಿಸಿ, "ಹಂಗೇ ಆಯ್ತು" ಎಂದರು. ಈಗ ಸಾದಲಿ ಕಡೆಯಿಂದ ನೆಂಟರು ಯಾರಾದರೂ ಬಂದರೆ ಎದ್ದು ಒಳಗೆ ಹೋಗುವುದಿಲ್ಲ. ಅಷ್ಟು ಮಾತ್ರ ಬದಲಾಗಿದೆ.

ಆ ಸಂಜೆ ನಡೆದದ್ದನ್ನು ನಾಟಕದ ಕೊನೆಗೆ ಸೇರಿಸು ಎಂದು ತಂಡದವರೆಲ್ಲ ಹೇಳುತ್ತಿದ್ದಾರೆ. ಸೇರಿಸುವುದಿಲ್ಲ. ಅದು ಓಬಳಮ್ಮನವರದು, ನನ್ನದಲ್ಲ.

ಕಳೆದ ವಾರ ಅವರ ಮನೆಗೆ ಹೋಗಿದ್ದೆ. ಈ ಸಲ ಒಳಗೆ ಕರೆದರು. ಕಡಲೆಕಾಯಿ ಬಿಡಿಸುತ್ತಿದ್ದರು. ನಾನೂ ಕೂತು ಬಿಡಿಸತೊಡಗಿದೆ. ಬಹಳ ಹೊತ್ತಾದ ಮೇಲೆ, "ನಾಟಕ ಚೆನ್ನಾಗಿತ್ತು. ನನ್ನ ಗಂಡ ಚೆನ್ನಾಗಿರ್ಲಿಲ್ಲ" ಎಂದರು.

ಏನು ತಪ್ಪಾಯಿತು ಎಂದು ಕೇಳಿದೆ.

"ನಿನ್ನ ನಾಟಕದ ನಲ್ಲಪ್ಪ ಬಂದಾಗಿಂದ ಹೋಗೋವರ್ಗೂ ಮುಖ ಗಂಟು ಹಾಕ್ಕೊಂಡೇ ಇರ್ತಾನೆ. ಅವನು ಹಂಗಿರ್ಲಿಲ್ಲ ಕಣಮ್ಮ. ಊರೆಲ್ಲ ನಗಿಸ್ತಿದ್ದ. ಅವತ್ತೇನು ನ್ಯಾಯ ಕೇಳೋಕೆ ಹೋದ ಅನ್ಕೊಂಡ್ಯಾ? ಒಳಗಿನ ಲೋಟ ಎತ್ತಿಕೊಂಡು ಅಂಗಡಿಯೋನಿಗೆ, ನಿಮ್ಮ ಲೋಟದಾಗೆ ಟೀ ಜಾಸ್ತಿ ಹಿಡಿಯುತ್ತಂತೆ, ಅಳತೆ ನೋಡಾನ ಅಂತ ಬಂದೆ ಅಂದ. ನಿಮ್ಮಪ್ಪ ನಗ್ತಿದ್ದ. ಬಯ್ಯನ ನಗು ನಿಲ್ಲೋಕ್ ಮುಂಚೇನೇ ಏಟು ಬಿತ್ತು ಅಂತ ಆಸ್ಪತ್ರೆಯಾಗೆ ಹೇಳ್ದ. ಅದನ್ನ ಹೇಳುವಾಗ್ಲೂ ನಕ್ಕ."

ನಾನು ಒಂದು ವರ್ಷ ನನ್ನ ಅಪ್ಪನಿಗೆ ಕಾರಣ ಹುಡುಕಿದೆ. ನಿಮಗೂ ಹುಡುಕಿದೆ. ಏಟು ತಿಂದ ಮನುಷ್ಯ ಹೇಗಿದ್ದ ಎಂದು ಯಾರನ್ನೂ ಕೇಳಲಿಲ್ಲ. ನೀವೂ ಕೇಳು ಎನ್ನಲಿಲ್ಲ. ಹಸ್ತಪ್ರತಿಯ ಅಂಚಿನಲ್ಲಿ ಅಷ್ಟು ಗುರುತು ಹಾಕಿದ್ದೀರಿ, ನಲ್ಲಪ್ಪನ ಮಾತುಗಳ ಪಕ್ಕ ಒಂದೂ ಇಲ್ಲ.

ಈಗ ಭಾನುವಾರಗಳಲ್ಲಿ ಅವರ ಮನೆಗೆ ಹೋಗುತ್ತೇನೆ. ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ನಲ್ಲಪ್ಪ ಮದುವೆಯ ದಿನ ತಾಳಿ ಕಟ್ಟುವಾಗ ಸೀನಿದ್ದು, ಕುರಿಗಳಿಗೆ ಊರಿನ ದೊಡ್ಡವರ ಹೆಸರಿಟ್ಟದ್ದು, ಸಾಯುವ ಹಿಂದಿನ ವಾರವೂ ಡಾಕ್ಟರ ನಡಿಗೆಯನ್ನು ಮಲಗಿದಲ್ಲೇ ಅಣಕಿಸಿದ್ದು. ಮೊದಲನೆಯ ದೃಶ್ಯವನ್ನು ಪೂರ್ತಿ ಹೊಸದಾಗಿ ಬರೆಯುತ್ತಿದ್ದೇನೆ.

ಬರೆದ ಮೇಲೆ ನಿಮಗೆ ಕಳಿಸುವುದಿಲ್ಲ. ಓಬಳಮ್ಮನವರಿಗೆ ಓದಿ ಹೇಳುತ್ತೇನೆ. ಎಲ್ಲಿ ತಪ್ಪಿದೆಯೆಂದು ಅವರು ಹೇಳುತ್ತಾರೆ.

ತನುಜ